ಪೂರ್ವಿಕರ ನಿಕ್ಷೇಪ

ಸತ್ತವರು ಬಿಟ್ಟುಹೋದ ವಸ್ತುವಿಗೆ ಬದುಕಿರುವವನೊಬ್ಬನು ಒಡೆಯನಾಗಬಹುದೆ? ಮನೆ, ಹೊಲ, ಬಾವಿಗಳ ವಿಷಯದಲ್ಲಿ ವ್ಯವಹಾರಶಾಸ್ತ್ರವು ಈ ಪ್ರಶ್ನೆಗೆ ಬಹುಕಾಲದ ಹಿಂದೆಯೇ ಉತ್ತರ ಹೇಳಿ ಮುಗಿಸಿದೆ. ತಂದೆಯದು ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ದಾಯಾದರಿಗೆ, ಯಾರೂ ಇಲ್ಲದಿದ್ದರೆ ಅರಸನಿಗೆ. ಆದರೆ ಎರಡು ಸಾವಿರ ವರ್ಷಗಳ ಹಿಂದೆ, ಹೆಸರು ಕೂಡ ಉಳಿಯದ ಒಂದು ಜನವು, ತನ್ನವರಲ್ಲೊಬ್ಬರು ತೀರಿಕೊಂಡಾಗ ಮರಳಿನಲ್ಲಿ ಹೂತಿಟ್ಟ ಮಣ್ಣಿನ ಗುಡಾಣವೊಂದು ಈ ದಿನ ದೀಪದ ಬೆಳಕಿನಲ್ಲಿ ಪೀಠದ ಮೇಲೆ ನಿಂತಿದ್ದರೆ, ಅದು ಯಾರದು? ಅಗೆದವನದೆ, ಕೊಂಡವನದೆ, ನೆಲದ ಒಡೆಯನದೆ, ಸರಕಾರದ್ದೆ, ಅಥವಾ ಇನ್ನೂ ಆ ಸತ್ತವನದೇ? ಈ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಹುಟ್ಟಿದುದಲ್ಲ. ಭೂಮಂಡಲದ ಒಂದೊಂದು ದೇಶದಲ್ಲಿಯೂ ಇಂಥ ಗುಡಾಣಗಳು ಪೀಠವೇರಿ ನಿಂತಿವೆ.

ವಿಯಟ್ನಾಂ ದೇಶದ ನಡುಭಾಗದಲ್ಲಿ ದನಾಂಗ್ ಎಂಬ ರೇವುಪಟ್ಟಣವುಂಟು. ಅದರ ಈಶಾನ್ಯಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಸೋನ್ ತ್ರಾ ಎಂಬ ಬೆಟ್ಟವು ಏಳುನೂರು ಮೀಟರಿಗೆ ತುಸುವೇ ಕಡಿಮೆ ಎತ್ತರವುಳ್ಳದ್ದು. ಮೂರು ಕಡೆ ಕಡಲು, ಮೇಲೆಲ್ಲ ದಟ್ಟವಾದ ಕಾಡು. ಮೊಣಕಾಲಿನಿಂದ ಕೆಳಗೆ ಕೆಂಪು ಕಾಲುಚೀಲ ತೊಟ್ಟಂತೆ ಕಾಣುವ, ಮುಸುವನ ಬಳಗಕ್ಕೆ ಸೇರಿದ ಅಪೂರ್ವವಾದ ಕಪಿಗಳು ಅಲ್ಲಿ ಈಗಲೂ ವಾಸಿಸುತ್ತವೆ. ಈ ಕಾಡಿನ ಇಳಿಜಾರಿನಲ್ಲಿ, ಸುಮಾರು ಎರಡೂವರೆ ಎಕರೆ ನೆಲದಲ್ಲಿ, ಮರಗಳ ನಡುವೆ ಬಿಡಿಬಿಡಿಯಾಗಿ ನಿಂತ ಕೆಲವು ಮನೆಗಳೇ ದೊಂಗ್ ದಿನ್ ಎಂಬ ವಸ್ತುಸಂಗ್ರಹಾಲಯ. ಚಲನಚಿತ್ರ ನಿರ್ದೇಶಕರಾದ ದೊವಾನ್ ಹುಯ್ ಜಾವ್ ಎಂಬವರು ತಾವು ಹಲವು ವರ್ಷಗಳ ಕಾಲ ಕೂಡಿಸಿದ ವಸ್ತುಗಳನ್ನು ಇಲ್ಲಿಟ್ಟು 2011ರಲ್ಲಿ ಜನರಿಗೆ ಬಾಗಿಲು ತೆರೆದರು. ದೊಂಗ್ ದಿನ್ ಎಂಬುದು ಆ ಬೆಟ್ಟದಲ್ಲಿ ಬೆಳೆಯುವ ಒಂದು ಮರದ ಹೆಸರು. ಕನ್ನಡ ಮಲೆನಾಡಿನವರು ಕಂಡರೆ ಅದನ್ನು ಬೈನೆಯ ನೆಂಟನೆಂದು ಕೂಡಲೆ ಗುರುತಿಸುವರು. ಸಂಸ್ಥಾಪಕರು ಆ ಸ್ಥಳಕ್ಕಿಟ್ಟ ಇನ್ನೊಂದು ಹೆಸರನ್ನು ಕನ್ನಡಿಸಿದರೆ ‘ನೆನಪಿನ ತೋಟ’ ಎಂದಾಗುವುದು. ಒಂದು ಮನೆಯಲ್ಲಿ ಹಳೆಯ ಕಾಲದ ಮಣ್ಣಿನ ಮತ್ತು ಪಿಂಗಾಣಿಯ ಪಾತ್ರೆಗಳು, ಒಂದರಲ್ಲಿ ಬೆಟ್ಟದ ಜನಾಂಗಗಳ ನಿತ್ಯೋಪಯೋಗದ ಸಾಮಾನುಗಳು, ಇನ್ನೊಂದರಲ್ಲಿ ಚಿತ್ರಗಳು. ರಾಜಧಾನಿಗಳ ಸಂಗ್ರಹಾಲಯಗಳಲ್ಲಿ ಕಾಣುವ ಉದ್ದುದ್ದ ಪಡಸಾಲೆಗಳೂ ಕಾವಲುಗಾರರ ಸಾಲೂ ಇಲ್ಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ತಲೆಯ ಮೇಲೆ ಎಲೆ ಉದುರುವುದು.

ಇಂಥ ಸ್ಥಳಕ್ಕೆ ಬಂದ ಯಾತ್ರಿಕನ ಮನಸ್ಸಿಗೆ ಮೊದಲು ಆಗುವುದು ಸಂತೋಷವೇ. ಊರಿನ ಗದ್ದಲವು ಕೆಳಗೆ ಉಳಿಯಿತು. ಕೈಯಿಂದ ಮಾಡಿದ ವಸ್ತುವನ್ನು ಕಾಡಿನ ಬೆಳಕಿನಲ್ಲಿ ನೋಡುವ ಭಾಗ್ಯ ದೊರೆಯಿತು. ಆದರೆ ಸಾ ಹುಯಿನ್ ಕಾಲದ ಪಾತ್ರೆಗಳ ಮುಂದೆ ನಿಂತಾಗ, ವಿಚಾರಶೀಲನಾದವನಿಗೆ ಆ ಸಂತೋಷದೊಳಗೊಂದು ಮುಳ್ಳು ತಾಗದೆ ಇರದು. ಸಾ ಹುಯಿನ್ ಎಂಬುದು ಆ ಕರಾವಳಿಯಲ್ಲಿ ಕ್ರಿಸ್ತಪೂರ್ವ ಸುಮಾರು 1000ದಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ಬಾಳಿದ ಒಂದು ನಾಗರಿಕತೆ. 1909ರಲ್ಲಿ ಅದರ ಹೆಸರಿನ ಊರಿನ ಬಳಿ ಮರಳದಿಬ್ಬದಲ್ಲಿ ಸುಮಾರು ಇನ್ನೂರು ಗುಡಾಣಗಳು ಕಂಡುಬಂದುವು. ಅವು ಧಾನ್ಯದ ಗುಡಾಣಗಳಲ್ಲ, ಶವಸಂಸ್ಕಾರದವು. ಅವುಗಳ ಜತೆಯಲ್ಲಿ ಕಬ್ಬಿಣದ ಹತ್ಯಾರುಗಳೂ, ಎರಡು ತಲೆಯ ಮೃಗದ ರೂಪದ ಹಸಿರುಕಲ್ಲಿನ ಕರ್ಣಾಭರಣಗಳೂ, ಕೆಂಪು ಕಾರ್ನೀಲಿಯನ್ ಮಣಿಗಳೂ ಇಂಥ ಗೋರಿಗಳಲ್ಲಿ ದೊರೆತಿವೆ. ಆ ಮಣಿಗಳ ಕೌಶಲವು ಭಾರತದಿಂದ ಕಡಲ ದಾರಿಯಲ್ಲಿ ಹೋಯಿತೆಂಬುದು ವಿದ್ವಾಂಸರ ಅಭಿಪ್ರಾಯ. ಹೀಗಿರುವಲ್ಲಿ, ಒಬ್ಬ ತಾಯಿಯು ಅಳುತ್ತ ಮಗಳ ಕೊರಳಿಗೆ ಹಾಕಿ ಮಣ್ಣಿಗೆ ಒಪ್ಪಿಸಿದ ಸರವನ್ನು ಚೀಟಿ ಕೊಂಡು ಒಳಗೆ ಬಂದ ಪರದೇಶಿಯೊಬ್ಬನು ‘ಆಹಾ, ಎಷ್ಟು ಚೆನ್ನ’ ಎಂದು ನೋಡುವುದು ಸರಿಯೆ?

ಇಲ್ಲಿ ಪೂರ್ವಪಕ್ಷವು ಪ್ರಬಲವಾಗಿಯೇ ಇದೆ. ಪ್ರಾಚೀನ ವಸ್ತುವು ಒಂದು ಜನದ ಸಮಷ್ಟಿಸ್ವತ್ತು. ಅದನ್ನು ಒಬ್ಬ ವ್ಯಕ್ತಿಯು ಹಣ ಕೊಟ್ಟು ತನ್ನದೆನ್ನುವುದು, ನದಿಗೆ ಬೇಲಿ ಹಾಕಿದಂತೆ, ಎಂದು ಆ ಪಕ್ಷದವರು ವಾದಿಸುವರು. ವಿಯಟ್ನಾಮಿನ ಶಾಸನಕರ್ತರಿಗೂ ಈ ತೊಡಕು ಹೊಳೆಯದಿರಲಿಲ್ಲ. 2001ರಲ್ಲಿ ಅವರು ಮಾಡಿದ ಸಾಂಸ್ಕೃತಿಕ ಪರಂಪರೆಯ ಕಾಯಿದೆಯು ನೆಲದೊಳಗೆ ಹುದುಗಿರುವುದೆಲ್ಲವೂ ಸಮಸ್ತ ಜನರ ಸ್ವತ್ತೆಂದು ಸಾರಿತು. ಆದರೂ ಕೈಯಿಂದ ಕೈಗೆ ಬಂದ ವಸ್ತುಗಳಲ್ಲಿ ಖಾಸಗಿಯವರ ಒಡೆತನವನ್ನು ಒಪ್ಪಿ, ಅವರು ಸಂಗ್ರಹಾಲಯ ತೆರೆಯಲು ದಾರಿ ಬಿಟ್ಟಿತು. (ಅದರ ಸ್ಥಾನದಲ್ಲಿ 2024ರಲ್ಲಿ ಅಂಗೀಕೃತವಾದ ಹೊಸ ಕಾಯಿದೆಯು 2025ರಿಂದ ಜಾರಿಯಲ್ಲಿದೆ.) ಕಾಯಿದೆಯು ಅಲ್ಲಿಗೆ ತನ್ನ ಕೆಲಸವನ್ನು ಮುಗಿಸಿತು. ಯಾವುದು ದಂಡಾರ್ಹವಲ್ಲವೋ ಅದೆಲ್ಲವೂ ಧರ್ಮವೆಂದು ಹೇಳಲಾಗದಾದುದರಿಂದ ಮುಂದಿನ ವಿಚಾರವು ಮನಸ್ಸಾಕ್ಷಿಗೆ ಸೇರಿದ್ದು.

ಉತ್ತರಪಕ್ಷದವರು ಸಾಮಾನ್ಯವಾಗಿ ಮುಂದಿಡುವ ವಾದವು ರಕ್ಷಣೆಯದು. ಇದ್ದಲ್ಲಿಯೇ ಬಿಟ್ಟಿದ್ದರೆ ಹಾಳಾಗುತ್ತಿತ್ತು, ತಂದುದರಿಂದ ಉಳಿಯಿತು, ಎಂಬುದು ಅದರ ತಿರುಳು. ಈ ವಾದಕ್ಕೆ ಆ ನಾಡಿನಲ್ಲಿಯೇ ಮನಕರಗಿಸುವಂಥ ನಿದರ್ಶನವೊಂದುಂಟು. ದನಾಂಗಿನ ನೈರುತ್ಯಕ್ಕೆ, ಬೆಟ್ಟಗಳು ಸುತ್ತುವರಿದ ಕಣಿವೆಯಲ್ಲಿ, ಮೀ ಸೋನ್ ಎಂಬ ಸ್ಥಳವಿದೆ. ಅದು ಹಿಂದಿನ ಚಂಪಾ ರಾಜ್ಯದ ದೇವಕ್ಷೇತ್ರ. ನಾಲ್ಕು–ಐದನೆಯ ಶತಮಾನದ ವೇಳೆಗೆ ಭದ್ರವರ್ಮನೆಂಬ ಅರಸನು ಅಲ್ಲಿ ಭದ್ರೇಶ್ವರನನ್ನು ಪ್ರತಿಷ್ಠಿಸಿದನು. ಆಮೇಲೆ ಶಂಭುವರ್ಮನು ಗುಡಿಯನ್ನು ಹೊಸದಾಗಿ ಕಟ್ಟಿಸಿ ಶಂಭುಭದ್ರೇಶ್ವರನೆಂದು ಕರೆದನು. ಹದಿಮೂರನೆಯ ಶತಮಾನದವರೆಗೂ ಇಟ್ಟಿಗೆಯ ಗೋಪುರಗಳು ಒಂದಾದ ಮೇಲೊಂದು ಎದ್ದುವು. ಅವುಗಳಲ್ಲಿ ಪಂಡಿತರು ಎ–1 ಎಂದು ಗುರುತುಹಾಕಿದ ಗೋಪುರವು ಸುಮಾರು 24 ಮೀಟರ್ ಎತ್ತರವಾಗಿ, ಚಾಮ್ ಶಿಲ್ಪದ ಮುಕುಟಪ್ರಾಯವೆನಿಸಿತ್ತು. 1969ರ ಆಗಸ್ಟಿನಲ್ಲಿ, ಆ ಕಣಿವೆಯಲ್ಲಿ ಗೆರಿಲ್ಲಾ ಪಡೆಗಳು ಅಡಗಿವೆಯೆಂದು ಅಮೆರಿಕದ ವಿಮಾನಗಳು ಬಾಂಬು ಸುರಿದಾಗ ಆ ಗೋಪುರವು ಇಟ್ಟಿಗೆಯ ರಾಶಿಯಾಯಿತು. ಚಾಮ್ ಶಿಲ್ಪವನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ್ದ ಫ್ರೆಂಚ್ ವಿದ್ವಾಂಸ ಫಿಲಿಪ್ ಸ್ಟೆರ್ನರು ಅಮೆರಿಕದ ಅಧ್ಯಕ್ಷ ನಿಕ್ಸನ್ನರಿಗೆ ಪತ್ರ ಬರೆದು ಪ್ರತಿಭಟಿಸಿದರು. ಗೋಪುರವಂತೂ ಹೋಗಿತ್ತು. ಅದೇ ಕಣಿವೆಯಿಂದ ಮೊದಲೇ ಹೊರಗೆ ಸಾಗಿಸಿದ್ದ ಶಿಲ್ಪಗಳಾದರೋ, ತಪಸ್ವಿಗಳ ದಿನಚರ್ಯೆಯನ್ನು ಕೆತ್ತಿದ ಏಳನೆಯ ಶತಮಾನದ ಲಿಂಗಪೀಠವೇ ಮೊದಲಾದುವು, ದನಾಂಗಿನ ಚಾಮ್ ಶಿಲ್ಪ ಸಂಗ್ರಹಾಲಯದಲ್ಲಿ ಈಗಲೂ ಇವೆ. ಫ್ರೆಂಚರ ಆಡಳಿತದಲ್ಲಿ, ಆಂರಿ ಪಾರ್ಮಾಂತಿಯೇ ಎಂಬ ಶಿಲ್ಪಶಾಸ್ತ್ರಜ್ಞರ ಪ್ರಯತ್ನದಿಂದ ಕಟ್ಟಲ್ಪಟ್ಟು 1919ರಲ್ಲಿ ತೆರೆದ ಸಂಗ್ರಹಾಲಯವದು.

ಈ ನಿದರ್ಶನವನ್ನು ಕೇಳಿದೊಡನೆ ವಾದ ಮುಗಿಯಿತೆಂದು ತೋರುವುದು. ಆದರೆ ಸ್ವಲ್ಪ ತಡೆದು ನೋಡಬೇಕು. ಪೀಠವನ್ನು ಕಿತ್ತು ಸಾಗಿಸಿದ ಪರಕೀಯ ಆಡಳಿತಗಾರರಿಗೆ 1969ರ ಬಾಂಬು ತಿಳಿದಿರಲಿಲ್ಲ. ಕಳ್ಳನ ಮನೆಯಲ್ಲಿದ್ದುದರಿಂದ ಒಡವೆಯು ಊರಿಗೆ ಬಿದ್ದ ಬೆಂಕಿಯಿಂದ ಉಳಿಯಿತು ಎಂದಮಾತ್ರಕ್ಕೆ ಒಡವೆಯು ಕಳ್ಳನದಾಗದು. ಅವನ ಕೃತ್ಯವು ದಾನವೂ ಆಗದು. ಪಾರ್ಮಾಂತಿಯೇ ಮೊದಲಾದವರು ಕಳ್ಳರೆಂದು ಇದರ ಅರ್ಥವಲ್ಲ. ಅವರು ಅಳೆದು, ನಕ್ಷೆ ಬರೆದು, ಯಾವ ಕಲ್ಲು ಯಾವ ಗುಡಿಯದೆಂದು ದಾಖಲೆ ಮಾಡಿದ ಶ್ರಮದಿಂದಲೇ ಇಂದು ಹಾಳಾದ ಗೋಪುರದ ರೂಪವು ತಿಳಿಯುವುದು. ಹೇಳಬೇಕಾದುದಿಷ್ಟೇ: ಉಳಿಯಿತು ಎಂಬ ಫಲವು ತೆಗೆದ ಕರ್ಮವನ್ನು ತಾನಾಗಿ ಶುದ್ಧಿಗೊಳಿಸುವುದಿಲ್ಲ. ಶುದ್ಧಿಯನ್ನು ಬೇರೆಲ್ಲಿಯಾದರೂ ಹುಡುಕಬೇಕು.

ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಎಣಿಸುವಾಗ ನಿಕ್ಷೇಪವೆಂಬುದಕ್ಕೆ ಒಂದು ಸ್ಥಾನ ಕೊಟ್ಟಿರುವರು. ಒಬ್ಬನು ಊರು ಬಿಡುವಾಗ ತನ್ನ ಒಡವೆಯನ್ನು ನಂಬಿಕೆಯುಳ್ಳ ಇನ್ನೊಬ್ಬನ ಕೈಯಲ್ಲಿಟ್ಟು ಹೋಗುವುದೇ ನಿಕ್ಷೇಪ. ಇಟ್ಟುಕೊಂಡವನು ಅದನ್ನು ಹೇಗೆ ಪಡೆದನೋ ಹಾಗೆಯೇ ಹಿಂದಿರುಗಿಸಬೇಕು. ಅದನ್ನು ತನ್ನ ಭೋಗಕ್ಕೆ ಬಳಸಿದರೆ ದಂಡ. ಕಳ್ಳರು ಒಯ್ದರೆ, ನೀರು ಕೊಚ್ಚಿಕೊಂಡು ಹೋದರೆ, ಬೆಂಕಿ ಸುಟ್ಟರೆ, ಅವನು ತಾನು ಅದರಿಂದ ಏನನ್ನೂ ತೆಗೆದುಕೊಂಡಿರದಿದ್ದಲ್ಲಿ ಅವನಿಗೆ ದೋಷವಿಲ್ಲ. ಒಡೆಯನಿಗೂ ನಿಕ್ಷೇಪಧಾರಿಗೂ ಹೊರನೋಟಕ್ಕೆ ಭೇದ ಕಾಣದು. ಪೆಟ್ಟಿಗೆಯ ಬೀಗದ ಕೈ ಇಬ್ಬರ ಸೊಂಟದಲ್ಲಿಯೂ ಒಂದೇ ರೀತಿಯಾಗಿ ತೂಗುವುದು. ಭೇದವಿರುವುದು, ಪೆಟ್ಟಿಗೆಯನ್ನು ತೆರೆದಾಗ ಅವನು ಯಾರನ್ನು ನೆನೆಯುವನೆಂಬುದರಲ್ಲಿ. ಪ್ರಾಚೀನ ವಸ್ತುಗಳನ್ನು ಇಟ್ಟುಕೊಂಡವನು ಒಡೆಯನೆಂದರೆ ತೊಡಕು ಬಿಡಿಸಲಾಗದು. ನಿಕ್ಷೇಪಧಾರಿಯೆಂದರೆ ಅನೇಕ ಗಂಟುಗಳು ಸಡಿಲುವುವು. ಆದರೆ ಈ ನಿಕ್ಷೇಪಕ್ಕೊಂದು ವಿಶೇಷವುಂಟು. ಇಟ್ಟವನು ಸತ್ತಿದ್ದಾನೆ, ಪಡೆಯಬೇಕಾದವನು ಇನ್ನೂ ಹುಟ್ಟಿಲ್ಲ, ನಡುವೆ ಎಚ್ಚರವಾಗಿರುವವನು ಇವನೊಬ್ಬನೇ. ಕೇಳುವವರಾರೂ ಇಲ್ಲದ ಕಡೆಯಲ್ಲಿ ಲೆಕ್ಕವನ್ನು ನೇರವಾಗಿ ಬರೆಯುವುದು ಎಷ್ಟು ಕಠಿನವೆಂಬುದನ್ನು ದೇವಸ್ಥಾನದ ಪಾರುಪತ್ಯವನ್ನೋ ಅನಾಥರ ಹಣವನ್ನೋ ನೋಡಿಕೊಂಡವರು ಬಲ್ಲರು.

ಹುಟ್ಟದವನಿಗೆ ಹಕ್ಕೆಲ್ಲಿಯದು ಎಂದು ಆಕ್ಷೇಪಿಸಬಹುದು. ಇದಕ್ಕೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನ ವಿಚಾರವು ದಾರಿ ತೋರುವುದು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಅವನ ಸಿದ್ಧಾಂತ. ಹುಟ್ಟಿದವರು, ಗರ್ಭದಲ್ಲಿರುವವರು, ಮುಂದೆ ಹುಟ್ಟಲಿರುವವರು ಇವರೆಲ್ಲರಿಗೂ ಜೀವನೋಪಾಯ ಬೇಕಾದುದರಿಂದ ಮೂಲಧನವನ್ನು ಮನಸ್ಸು ಬಂದಂತೆ ಮಾರಬಾರದೆಂಬ ಸ್ಮೃತಿವಾಕ್ಯವನ್ನೂ ಅವನು ಆಧಾರವಾಗಿ ತೆಗೆದುಕೊಂಡಿರುವನು. ಸ್ವತ್ವವೆಂಬುದು ಕೇವಲ ಶಾಸ್ತ್ರದಿಂದ ಹುಟ್ಟಿದುದಲ್ಲ, ಲೋಕವ್ಯವಹಾರದಲ್ಲಿ ಸಿದ್ಧವಾದುದು ಎಂದು ವಾದಿಸಿದವನೂ ಅವನೇ. ಆ ಮಾತು ಹೊಲಗದ್ದೆಗಳಿಗೆ ಹೇಳಿದ್ದು, ನಿಜ. ಆದರೆ ತಾತನು ಬಿಟ್ಟ ಹೊಲದಲ್ಲಿ ಹುಟ್ಟದ ಮೊಮ್ಮಗನಿಗೆ ಭಾಗವಿದ್ದಲ್ಲಿ, ತಾತನ ತಾತನು ತಿದ್ದಿದ ಮಡಕೆಯಲ್ಲಿ ಇಲ್ಲವೆನ್ನಲು ಕಾರಣ ಕಾಣದು.

ಮೇಲೆ ಹೇಳಿದ ಭದ್ರವರ್ಮನೂ ಈ ವಿಚಾರವನ್ನು ತನ್ನದೇ ರೀತಿಯಲ್ಲಿ ನಿರ್ಣಯಿಸಿದ್ದನು. ಮೀ ಸೋನಿನಲ್ಲಿ ಅವನು ನಿಲ್ಲಿಸಿದ ಶಿಲಾಶಾಸನವು ಸಂಸ್ಕೃತದಲ್ಲಿದೆ. ಭದ್ರೇಶ್ವರನಿಗೆ ಬಿಟ್ಟ ಭೂಮಿಯ ಎಲ್ಲೆಗಳನ್ನು ಹೇಳಿ, ಮುಂದಿನ ಅರಸರನ್ನು ಅದು ಬೇಡಿಕೊಳ್ಳುವುದು. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಕೊನೆಯ ಶಾಪದ ಭಾಗವು ಪರಿಚಿತ. ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು, ಬಹುಸಹಸ್ರವರ್ಷ ಕ್ರಿಮಿಯಾಗಿ ಹುಟ್ಟುವನು, ಎಂದು ಅಲ್ಲಿ ಗದರಿಕೆ. ಭದ್ರವರ್ಮನ ಮಾತಿನ ಧಾಟಿ ಬೇರೆ. ತನ್ನ ಮೇಲೆ ಕರುಣೆಯಿಟ್ಟು ಈ ದತ್ತಿಯನ್ನು ಕೆಡಿಸದಿರಿ ಎಂಬುದು ಅವನ ಮೊದಲ ಮಾತು. ಕೆಡಿಸಿದರೆ ಕೆಡಿಸಿದವನ ಜನ್ಮಜನ್ಮದ ಪುಣ್ಯವು ತನ್ನದಾಗುವುದೆಂದೂ ತನ್ನ ಪಾಪವು ಅವನದಾಗುವುದೆಂದೂ, ಕಾಪಾಡಿದರೆ ಪುಣ್ಯವು ಕಾಪಾಡಿದವನಿಗೇ ಸೇರುವುದೆಂದೂ ಅದರ ತಾತ್ಪರ್ಯ. ಇದು ಶಾಪಕ್ಕಿಂತ ಒಪ್ಪಂದವನ್ನು ಹೆಚ್ಚಾಗಿ ಹೋಲುವುದು. ತಾನಿಲ್ಲದ ಕಾಲದಲ್ಲಿ ತಾನರಿಯದವನೊಡನೆ ಒಬ್ಬ ಅರಸನು ಲೆಕ್ಕದ ಪುಸ್ತಕವನ್ನು ತೆರೆದಿಟ್ಟಂತಿದೆ. ಆ ಒಪ್ಪಂದದ ಕರೆಗೆ ಭದ್ರವರ್ಮನು ಊಹಿಸಿರದ ದಿಕ್ಕಿನಿಂದಲೂ ಓಗೊಟ್ಟವರುಂಟು. 2017ರಿಂದ ಕೆಲವು ವರ್ಷ ಭಾರತದ ಪುರಾತತ್ತ್ವ ಇಲಾಖೆಯವರು ಅಲ್ಲಿನ ಗುಡಿಗಳ ಜೀರ್ಣೋದ್ಧಾರದಲ್ಲಿ ತೊಡಗಿದ್ದರು. 2020ರಲ್ಲಿ ಆ ಕೆಲಸದ ನಡುವೆ ಏಕಶಿಲೆಯ ಶಿವಲಿಂಗವೊಂದು ಮಣ್ಣಿನಿಂದ ಹೊರಬಂದಿತು. ಅದನ್ನು ಬೇರೆಡೆಗೆ ಒಯ್ಯಬೇಕೆಂಬ ಮಾತು ಯಾರಿಗೂ ಸಹಜವಾಗಿ ತೋರದಿರುವುದು, ಪಾರ್ಮಾಂತಿಯೇ ಕಾಲದಿಂದ ಈಚೆಗೆ ಮನುಷ್ಯರ ಎಣಿಕೆಯು ಎಷ್ಟು ಬದಲಾಯಿತೆಂಬುದಕ್ಕೆ ಗುರುತು.

ನಿಕ್ಷೇಪವೆಂಬುದನ್ನು ಗ್ರಂಥದಲ್ಲಿ ಓದುವುದಕ್ಕಿಂತ ನಡೆಯಲ್ಲಿ ನೋಡಬೇಕೆನ್ನುವವರು ಚಂಪಾದ ದಕ್ಷಿಣಕ್ಕೆ ಹೋಗಬೇಕು. 1471ರಲ್ಲಿ ವಿಜಯ ಎಂಬ ರಾಜಧಾನಿಯು ವಿಯಟ್ನಾಮಿಯರ ಕೈಸೇರಿತು. ಪಾಂಡುರಂಗವೆಂಬ ಹೆಸರಿನ ಕೊನೆಯ ಸಂಸ್ಥಾನವೂ 1832ರಲ್ಲಿ ಮುಗಿಯಿತು. (ಪಂಢರಪುರದ ಭಕ್ತರಿಗೆ ಈ ಹೆಸರು ಎಷ್ಟು ಆತ್ಮೀಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.) ಚಾಮ್ ಜನರು ಅಲ್ಲಿ ಇಂದಿಗೂ ಇರುವರು. ಅವರಲ್ಲೊಂದು ಪಂಗಡವು ಪೋ ಕ್ಲೊಂಗ್ ಗರಾಯ್ ಮೊದಲಾದ ಗೋಪುರಗಳಲ್ಲಿ ತನ್ನ ದೇವರಾಜರನ್ನು ಪೂಜಿಸುವುದು. ವರ್ಷಕ್ಕೊಮ್ಮೆ, ಚಾಮ್ ಪಂಚಾಂಗದ ಏಳನೆಯ ತಿಂಗಳಲ್ಲಿ, ಕಾತೇ ಎಂಬ ಹಬ್ಬ. ಆ ಹಬ್ಬಕ್ಕೆ ದೇವರಿಗೆ ಉಡಿಸಬೇಕಾದ ರಾಜವಸ್ತ್ರಗಳು ಚಾಮರ ಊರಿನಲ್ಲಿಲ್ಲ. ಬೆಟ್ಟದ ಮೇಲಣ ಕಾಡಿನ ಹಳ್ಳಿಗಳಲ್ಲಿರುವ ರಗ್ಲಾಯ್ ಎಂಬ ಜನರ ಬಳಿ ಇವೆ. ರಾಜ್ಯವು ಮುರಿದು ಬೀಳುತ್ತಿದ್ದ ಕಾಲದಲ್ಲಿ ಅರಸರ ಒಡವೆ ವಸ್ತ್ರಗಳನ್ನು ಕಾಪಾಡಲು ಇವರ ವಶಕ್ಕೆ ಒಪ್ಪಿಸಿದರೆಂಬುದು ಐತಿಹ್ಯ. ಚಾಮರು ಅಕ್ಕ, ರಗ್ಲಾಯರು ಕಡೆಯ ತಂಗಿ ಎಂದೂ, ಮಾತೃಮೂಲದ ಕುಲಗಳಲ್ಲಿ ಹಿರಿಯರ ಸಾಮಾನನ್ನು ಕಾಯುವ ಭಾರವು ಕಿರಿಯ ಮಗಳದೆಂದೂ ಅವರು ಹೇಳುವರು. ಅಳಿಯಸಂತಾನದ ಕಟ್ಟನ್ನು ಬಲ್ಲ ತುಳುನಾಡಿನ ವಾಚಕರಿಗೆ ಈ ಮಾತಿನ ಸ್ವಾರಸ್ಯ ಬೇಗನೆ ತಿಳಿಯುವುದು. ಹಬ್ಬ ಬಂದಾಗ ರಗ್ಲಾಯರು ಆ ವಸ್ತ್ರಗಳನ್ನು ಹೊತ್ತು ಬೆಟ್ಟವಿಳಿದು ಬರುವರು. ಚಾಮರು ಎದುರುಗೊಂಡು ವಾದ್ಯನೃತ್ಯಗಳೊಡನೆ ಗೋಪುರಕ್ಕೆ ಒಯ್ದು, ದೇವರಿಗೆ ಮೀಯಿಸಿ ಉಡಿಸುವರು. ಕಾಯುವವರು ಆ ಉಡುಗೆಯನ್ನು ತಾವು ತೊಡಲಿಲ್ಲ, ಮಾರಲೂ ಇಲ್ಲ. ಬಡತನವೇನು ಅವರಿಗೆ ಅಪರಿಚಿತವಾಗಿರಲಿಲ್ಲ. ಕಾಡಿನ ನಡುವೆ ಇರುವ ಖಾಸಗಿ ಸಂಗ್ರಹಾಲಯವೆಂದರೆ ಇದಕ್ಕಿಂತ ಹಳೆಯದನ್ನು ಆ ದೇಶದಲ್ಲಿ ತೋರಿಸುವುದು ಕಷ್ಟ. ಇದಕ್ಕೆ ಗೋಡೆಯಿಲ್ಲ, ಚೀಟಿಯಿಲ್ಲ. ವರ್ಷಕ್ಕೊಂದು ದಿನ ಲೆಕ್ಕ ಒಪ್ಪಿಸುವ ಪದ್ಧತಿ ಮಾತ್ರ ಇದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮೀ ಸೋನಿಗೆ ದೂರವಲ್ಲದ ದೊಂಗ್ ಯುವೊಂಗ್ ಎಂಬಲ್ಲಿ 875ರಲ್ಲಿ ಎರಡನೆಯ ಇಂದ್ರವರ್ಮನು ಲಕ್ಷ್ಮೀಂದ್ರ ಲೋಕೇಶ್ವರನ ಹೆಸರಿನಲ್ಲಿ ದೊಡ್ಡ ಬೌದ್ಧವಿಹಾರವನ್ನು ಕಟ್ಟಿಸಿದನು. 1978ರಲ್ಲಿ ಆ ಹಳ್ಳಿಯವರಿಗೆ ನೆಲದಲ್ಲಿ ಮೂರು ನಾಲ್ಕು ಅಡಿ ಎತ್ತರದ ಕಂಚಿನ ದೇವೀವಿಗ್ರಹವೊಂದು ಸಿಕ್ಕಿತು. ತಾರೆಯೆಂದು ಅನೇಕರು ಅದನ್ನು ಗುರುತಿಸುವರು. ವಿಗ್ರಹವು ದನಾಂಗಿನ ಸಂಗ್ರಹಾಲಯವನ್ನು ಸೇರಿತು. ಆದರೆ ಅದರ ಎರಡು ಕೈಗಳಲ್ಲಿದ್ದ ತಾವರೆ ಮತ್ತು ಶಂಖ ಬೇರ್ಪಟ್ಟು ಹಳ್ಳಿಯಲ್ಲಿಯೇ ನಿಂತುವು. ನಲವತ್ತು ವರ್ಷ ಅವು ಅಲ್ಲಿದ್ದುವು. ಬರಿಗೈಯಲ್ಲಿ ನಿಂತ ದೇವಿಯನ್ನು ಪಂಡಿತರು ನೋಡಿ, ಕೈಯಲ್ಲಿ ಏನಿದ್ದಿತೆಂದು ಚರ್ಚೆ ಮಾಡಿದರು. ಕಡೆಗೆ ಹಳ್ಳಿಯವರು ಆ ಎರಡನ್ನೂ ಪ್ರಾಂತದ ಅಧಿಕಾರಿಗಳಿಗೆ ಒಪ್ಪಿಸಿದ ಮೇಲೆ, 2023ರಲ್ಲಿ ಅವು ವಿಗ್ರಹವಿದ್ದೆಡೆಗೆ ಬಂದುವು. ಇಲ್ಲಿ ತಪ್ಪು ಯಾರದು? ಒಡೆದ ವಿಗ್ರಹದ ತುಂಡನ್ನು ಮುಚ್ಚಿಟ್ಟುಕೊಂಡುದು ಅಪರಾಧವೆಂದು ಪಟ್ಟಣದವನು ಹೇಳಬಹುದು. ದೇವರನ್ನು ಊರಿನಿಂದ ಒಯ್ದಾಗ, ಕೈಯಲ್ಲಿದ್ದ ಹೂವಾದರೂ ನಮ್ಮಲ್ಲಿರಲಿ ಎಂದು ಹಳ್ಳಿಯವನಿಗೆ ತೋರಿದ್ದರೆ ಅದು ಬರಿಯ ದುರಾಸೆಯೆನ್ನಲು ಮನಸ್ಸು ಬಾರದು; ಮಾರಿಕೊಳ್ಳಬೇಕೆಂದಿದ್ದರೆ ನಲವತ್ತು ವರ್ಷದಲ್ಲಿ ಕೊಳ್ಳುವವರಿಗೆ ಕೊರತೆಯಿರಲಿಲ್ಲ. ಒಂದೇ ನಿಕ್ಷೇಪಕ್ಕೆ ಇಬ್ಬರು ನಿಕ್ಷೇಪಧಾರಿಗಳಿದ್ದು, ಒಬ್ಬರು ಇನ್ನೊಬ್ಬರನ್ನು ನಂಬದೆ ಹೋದ ಕಥೆಯೆಂದು ಇದನ್ನು ತಿಳಿಯುವುದು ನ್ಯಾಯವೆಂದು ಕಾಣುವುದು.

ಇಷ್ಟರವರೆಗೆ ಹೇಳಿದುದೆಲ್ಲವೂ ಉಳಿಸಬೇಕೆಂದು ಇಟ್ಟ ವಸ್ತುಗಳ ವಿಷಯ. ಅಳಿಯಲಿ ಎಂದೇ ಮಾಡಿದ ವಸ್ತುವಿನ ಗತಿಯೇನು? ಇದೇ ಈ ವಿಚಾರದ ಕಗ್ಗಂಟು. ವಿಯಟ್ನಾಮಿನ ಪಶ್ಚಿಮದ ಬೆಟ್ಟಸೀಮೆಯಲ್ಲಿರುವ ಜರಾಯ್, ಬಾನಾ ಮೊದಲಾದ ಜನರು ಸತ್ತವರಿಗಾಗಿ ಗೋರಿಯ ಮೇಲೊಂದು ಮನೆಯನ್ನು ಕಟ್ಟಿ, ಸುತ್ತಲೂ ಮರದ ಬೊಂಬೆಗಳನ್ನು ಕಡಿದು ನಿಲ್ಲಿಸುವರು. ಗಲ್ಲಕ್ಕೆ ಕೈಕೊಟ್ಟು ಕುಳಿತು ಅಳುವವರು, ಬಸುರಿಯರು, ಡೋಲು ಬಾರಿಸುವವರು, ಹಕ್ಕಿಗಳು. ಕೆಲವು ವರ್ಷ ಗೋರಿಗೆ ಅನ್ನ ನೀರು ಕೊಟ್ಟು ಉಪಚರಿಸಿದ ಮೇಲೆ ಒಂದು ದೊಡ್ಡ ಹಬ್ಬ ಮಾಡಿ ಗೋರಿಯನ್ನು ‘ಬಿಟ್ಟುಬಿಡು’ವರು. ಅಲ್ಲಿಂದ ಮುಂದೆ ಸತ್ತವನಿಗೂ ಬದುಕಿದವರಿಗೂ ಋಣವಿಲ್ಲ. ವಿಧವೆ ಮರುಮದುವೆಯಾಗಬಹುದು. ಬೊಂಬೆಗಳು ಮಳೆಯಲ್ಲಿ ನೆನೆದು, ಗೆದ್ದಲು ಹತ್ತಿ, ಕಾಡಿಗೆ ಸೇರಬೇಕು. ಅವು ಕೊಳೆಯುವುದೇ ಆ ಸಂಸ್ಕಾರದ ಸಮಾಪ್ತಿ. ಕಲಾರಸಿಕನಿಗೆ ಆ ಬೊಂಬೆಗಳ ಚೆಲುವು ಕಣ್ಣಿಗೆ ಬಿದ್ದಾಗ, ಕಿತ್ತು ತಂದು ನೆರಳಿನಲ್ಲಿಟ್ಟು ಗೆದ್ದಲಿನಿಂದ ಕಾಪಾಡಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ನಿಕ್ಷೇಪದ ಧರ್ಮವೆಂದರೆ ಇಟ್ಟವನ ಇಚ್ಛೆಯನ್ನು ನಡೆಸುವುದು. ಇಟ್ಟವನ ಇಚ್ಛೆ ಅಳಿವೇ ಆಗಿದ್ದರೆ ಉಳಿಸುವುದೂ ವಿಶ್ವಾಸಘಾತವೇ. ಗಂಗೆಯಲ್ಲಿ ಬಿಟ್ಟ ಅಸ್ಥಿಯನ್ನು ಹೆಕ್ಕಿ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಯಾವ ಮಗನು ತಾನೆ ಕೃತಜ್ಞತೆ ಹೇಳುವನು? ಹನೋಯಿಯ ಜನಾಂಗಶಾಸ್ತ್ರ ಸಂಗ್ರಹಾಲಯದವರು ಈ ಇಕ್ಕಟ್ಟಿನಿಂದ ಪಾರಾದ ಬಗೆ ಪ್ರಶಂಸನೀಯ. ಅವರು ಜರಾಯ್ ಕುಶಲಿಗಳನ್ನೇ ಕರೆಯಿಸಿ, 1998ರಲ್ಲಿ ತಮ್ಮ ತೋಟದಲ್ಲಿ ಅಂಥದೇ ಗೋರಿಮನೆಯೊಂದನ್ನು ಹೊಸದಾಗಿ ಕಟ್ಟಿಸಿದರು. ಅದರ ಕೆಳಗೆ ಯಾರೂ ಮಲಗಿಲ್ಲ. ಯಾವ ಸತ್ತವನ ಬಿಡುಗಡೆಗೂ ಅಡ್ಡಿಯಾಗದೆ, ಬೊಂಬೆಯ ವಿದ್ಯೆ ನೋಡುವವರಿಗೆ ದೊರೆಯಿತು, ಕಡಿದವರಿಗೆ ಕೂಲಿಯೂ ದೊರೆಯಿತು.

ಖಾಸಗಿ ಸಂಗ್ರಾಹಕನ ಮೇಲೆ ಹೊರಿಸುವ ಆಪಾದನೆಗಳಲ್ಲಿ ಅತಿ ನಿಜವಾದುದು ಪೇಟೆಯದು. ಕೊಳ್ಳುವವನಿದ್ದರೆ ಅಗೆಯುವವನು ಹುಟ್ಟುವನು. ಹೋಯಿ ಆನ್ ಊರಿನ ಎದುರಿಗಿರುವ ಕಡಲಿನಲ್ಲಿ ಹದಿನೈದನೆಯ ಶತಮಾನದ ಸುಮಾರಿಗೆ ಪಿಂಗಾಣಿ ತುಂಬಿದ ಹಡಗೊಂದು ಮುಳುಗಿತ್ತು. 1990ರ ದಶಕದಲ್ಲಿ ಬೆಸ್ತರ ಬಲೆಗೆ ಪಾತ್ರೆಗಳು ಸಿಕ್ಕಿದ್ದೇ ತಡ, ಅಂಗಡಿಗಳಿಗೆ ಸುದ್ದಿ ಮುಟ್ಟಿತು. ಆಮೇಲೆ ಸರಕಾರದ ಒಪ್ಪಿಗೆಯಿಂದಲೇ ಎರಡು ಲಕ್ಷಕ್ಕೂ ಹೆಚ್ಚು ಪಾತ್ರೆಗಳನ್ನು ಮೇಲೆತ್ತಿದರು. ಅಪೂರ್ವವಾದುವು ದೇಶದಲ್ಲಿ ಉಳಿದುವು. ಬಹುಭಾಗವು 2000ದಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಹರಾಜಾಯಿತು. ಅಗೆತದ ವೆಚ್ಚವನ್ನು ತೀರಿಸಲು ಅದೇ ದಾರಿಯೆಂದು ಸಮಾಧಾನ ಹೇಳಲಾಯಿತು. ಸರಕಾರವು ಕೈಹಾಕಿದ ಮಾತ್ರಕ್ಕೆ ನಿಕ್ಷೇಪವು ಭದ್ರ, ಖಾಸಗಿಯವನ ಕೈಯಲ್ಲಿದ್ದ ಮಾತ್ರಕ್ಕೆ ಭ್ರಷ್ಟ, ಎಂಬ ಸರಳ ಲೆಕ್ಕವು ಇಲ್ಲಿ ಉಳಿಯುವುದಿಲ್ಲ. ಹರಾಜಿನಲ್ಲಿ 2000ದಲ್ಲಿ ಹೋದ ತಟ್ಟೆಯೊಂದನ್ನು ಆ ದೇಶದವನೇ ಒಬ್ಬನು ಕೊಂಡು ತಂದು ಕಡಲು ಕಾಣುವ ಕಾಡಿನಲ್ಲಿಟ್ಟರೆ ಅವನನ್ನು ಲೋಭಿಯೆನ್ನಬೇಕೆ, ಬಿಡಿಸಿಕೊಂಡು ತಂದವನೆನ್ನಬೇಕೆ?

ಸೋನ್ ತ್ರಾದ ಮನೆಗಳಂಥವುಗಳಿಗೆ ಒಂದು ಗುಣವುಂಟು. ದೊಡ್ಡ ಸಂಗ್ರಹಾಲಯಗಳಿಗೆ ಅದು ಬರಲಾರದು. ಅಲ್ಲಿ ವಸ್ತುವಿನ ಹಿಂದೆ ಒಬ್ಬ ಮನುಷ್ಯನ ಕಣ್ಣು ಇದೆ. ಇದನ್ನು ಯಾಕೆ ಇಟ್ಟೆ ಎಂದು ಕೇಳಿದರೆ ಉತ್ತರ ಕೊಡುವವರುಂಟು. ಅದೇ ಅದರ ದುರ್ಬಲತೆಯೂ ಹೌದು. ಕೂಡಿಸಿದವನು ತೀರಿಕೊಂಡ ಮೇಲೆ ಮಕ್ಕಳಿಗೆ ಆ ಕಣ್ಣು ಇರಬೇಕೆಂಬ ನಿಯಮವಿಲ್ಲ. ಪಾಲಾಗಬಹುದು, ಸಾಲಕ್ಕೆ ಹೋಗಬಹುದು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಆ ಕರಾವಳಿಯಲ್ಲಿ ಹೊಡೆಯುವ ಮಳೆಗೆ ಕಾಡಿನ ನಡುವಣ ಮರದ ಸಾಮಾನು ಬೂಷ್ಟು ಹಿಡಿಯುವುದು; ಅದನ್ನು ಒರಸಲು ದಿನವೂ ಒಬ್ಬರು ಬೇಕು, ಅವರಿಗೆ ಸಂಬಳ ಬೇಕು.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಬಹುತೇಕ ಸಂಗ್ರಹಾಲಯಗಳಲ್ಲಿ, ಸರಕಾರದ್ದಾಗಲಿ ಖಾಸಗಿಯಾಗಲಿ, ವಸ್ತುವಿನ ಕೆಳಗಿನ ಚೀಟಿಯು ಎರಡು ಸಂಗತಿಗಳನ್ನು ಹೇಳುವುದು: ಇದು ಏನು, ಎಷ್ಟು ಹಳೆಯದು. ಇದು ಯಾವ ಊರಿನದು, ಯಾರ ಕೈಯಿಂದ ಬಂತು, ಅವರು ಮಾರಿದರೊ ಕೊಟ್ಟರೊ, ಕೊಡುವಾಗ ಏನೆಂದರು, ಎಂಬುದು ಚೀಟಿಯಲ್ಲಿರದು. ಸಾಲವನ್ನು ಬರೆಯುವ ಶಾನುಭೋಗನು ಮೊತ್ತವನ್ನು ಬರೆದು, ಕೊಟ್ಟವನ ಹೆಸರನ್ನು ಬಿಟ್ಟರೆ ಆ ಕಡತಕ್ಕೆ ಬೆಲೆಯೇನು? ಸಾ ಹುಯಿನ್ ಗುಡಾಣದ ಕೆಳಗೆ ‘ಇದು ಗೋರಿ, ಇದರೊಳಗೆ ಒಬ್ಬರಿದ್ದರು, ಇಂಥ ಮರಳದಿಬ್ಬದಿಂದ ಇಂಥ ವರ್ಷದಲ್ಲಿ ತೆಗೆದದ್ದು’ ಎಂದಿದ್ದರೆ ಯಾತ್ರಿಕನು ನಿಲ್ಲುವ ರೀತಿಯೇ ಬೇರೆಯಾಗುವುದು. ಪ್ರಾಯಶಃ ಟೋಪಿಯನ್ನೂ ತೆಗೆಯುವನು. ಈಗ ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿರುವ ಸಂಗ್ರಾಹಕರಿಗೆ ಇದೆಲ್ಲವೂ ನೆನಪಿನಲ್ಲಿರುವುದು. ಅವರನ್ನು ಕುಳ್ಳಿರಿಸಿ, ಒಂದೊಂದು ವಸ್ತುವಿಗೂ ನಾಲ್ಕು ನಾಲ್ಕು ಸಾಲು ಬರೆಯಿಸಿಕೊಳ್ಳಲು ಬೇಕಾದುದು ಒಂದು ದಪ್ಪ ಪುಸ್ತಕ, ಅಕ್ಷರ ಚೆನ್ನಾಗಿರುವ ಒಬ್ಬ ಹುಡುಗ, ಮತ್ತು ಒಂದು ಮಳೆಗಾಲ.